ಹಾಜೋ ಹಯಗ್ರೀವ ಮಾಧವ: ಗುಡಿಗೆ ಅರ್ಧ ಗಂಟೆ ಸಾಕು, ಕೊಳಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ

ಅಸ್ಸಾಮಿನ ಹಾಜೋದಲ್ಲಿ ಹಯಗ್ರೀವ ಮಾಧವನ ಗುಡಿ, ಅದರ ಕೆಳಗಿನ ಆಮೆಗಳ ಕೊಳ ನೋಡಿ ಬಂದೆವು. ಮೊದಲು ಅಂಕ ಕೊಟ್ಟುಬಿಡುತ್ತೇನೆ. ಕೊಳಕ್ಕೆ ಐದಕ್ಕೆ ಐದು. ಗುಡಿಗೆ ನಾಲ್ಕು, ಒಂದು ಕಡಿಮೆ ಮಾಡಿದ್ದು ನನ್ನ ಮಂಡಿನೋವಿನ ಲೆಕ್ಕಕ್ಕೆ, ದೇವರ ಲೆಕ್ಕಕ್ಕಲ್ಲ. ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದ ‘ಅರ್ಧ ದಿನದ ಪ್ಯಾಕೇಜ್’ಗೆ ಎರಡು. ಆ ಎರಡರಲ್ಲೂ ಒಂದೂವರೆ ಡ್ರೈವರ್ ಹುಡುಗನಿಗೇ ಸೇರಬೇಕು.

ಗುವಾಹಾಟಿಗೆ ಹೋಗುವ ನಮ್ಮ ಕಡೆಯವರ ಪಟ್ಟಿ ಎಲ್ಲರದೂ ಒಂದೇ. ಕಾಮಾಖ್ಯ, ದೋಣಿಯಲ್ಲಿ ಉಮಾನಂದ, ಮರುದಿನ ಶಿಲ್ಲಾಂಗ್, ಚಿರಾಪುಂಜಿಯಲ್ಲಿ ಮಳೆ ಬಂದರೆ ಸಂತೋಷ, ಬರದಿದ್ದರೆ ಬೇಸರ, ವಾಪಸ್. ಹಾಜೋ ಎಂಬ ಊರಿನ ಹೆಸರು ಯಾರೂ ಎತ್ತುವುದಿಲ್ಲ. ನಮ್ಮ ಪಟ್ಟಿಗೆ ಅದು ಬಂದಿದ್ದು ಅತ್ತೆಯಿಂದ. ಶಿರಸಿಯವರು ನಾವು, ಸೋದೆ ಮಠ ಮನೆಯಂಗಳದಲ್ಲಿದ್ದ ಹಾಗೆ. ವಾದಿರಾಜರು ಕಡಲೆಬೇಳೆ ಮಡ್ಡಿಯ ಹರಿವಾಣವನ್ನು ತಲೆಯ ಮೇಲಿಟ್ಟುಕೊಂಡು ಕೂತರೆ ಹಯಗ್ರೀವ ಬಿಳಿ ಕುದುರೆಯಾಗಿ ಬಂದು ತಿನ್ನುತ್ತಿದ್ದ ಎನ್ನುವ ಕಥೆಯನ್ನು ಅತ್ತೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಬ್ರಹ್ಮಪುತ್ರದ ಆಚೆ ದಡದಲ್ಲೂ ಒಬ್ಬ ಹಯಗ್ರೀವ ಇದ್ದಾನೆ ಎಂದು ಮಠದಲ್ಲಿ ಯಾರೋ ಹೇಳಿದ್ದರಂತೆ. ಮುಗಿಯಿತು. ಕಾಮಾಖ್ಯ ಬಿಟ್ಟರೂ ಬಿಟ್ಟೇನು, ಹಾಜೋ ಬಿಡುವುದಿಲ್ಲ ಎಂದು ಕೂತರು.

ಪ್ಯಾಕೇಜ್ ಹಿಡಿದಿದ್ದು ಪಲ್ಟನ್ ಬಜಾರಿನ ಒಂದು ಕೌಂಟರಿನಲ್ಲಿ. ಹೆಸರು ಬರೆಯುವುದಿಲ್ಲ, ರೈಲ್ವೆ ಸ್ಟೇಷನ್ ಎದುರು ಇಂಥವು ಸಾಲಾಗಿವೆ, ಎಲ್ಲರ ಕರಪತ್ರದಲ್ಲೂ ಅದೇ ಫೋಟೋ, ಅದೇ ಕಾಗುಣಿತ ತಪ್ಪು. ನಮ್ಮದರಲ್ಲಿ ಹಾಜೋಗೆ 40 ನಿಮಿಷ, ಸುವಾಲ್‌ಕುಚಿಯ ರೇಷ್ಮೆ ಅಂಗಡಿಗೆ 90 ನಿಮಿಷ ಎಂದು ಬರೆದಿತ್ತು. ದೇವರಿಗಿಂತ ಸೀರೆಗೆ ಯಾಕೆ ದುಪ್ಪಟ್ಟು ಹೊತ್ತು ಎಂದು ಕೇಳಿದರೆ ಕೌಂಟರಿನಾತ ನಕ್ಕ. ಯಾಕೆ ನಕ್ಕ ಎಂಬುದು ಅಂಗಡಿಯವನು ಡ್ರೈವರಿನ ಕೈಗೆ ಚೀಟಿ ಕೊಟ್ಟಾಗ ಗೊತ್ತಾಯಿತು. ಇನ್ನೂ ದೊಡ್ಡ ತಕರಾರು ಬೇರೆ ಇದೆ: ಎರಡು ಪುಟದ ಆ ಕರಪತ್ರದಲ್ಲಿ ಆಮೆ ಎಂಬ ಮಾತೇ ಇಲ್ಲ.

ಗುವಾಹಾಟಿಯಿಂದ ಹಾಜೋಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಸರಾಯ್‌ಘಾಟ್ ಸೇತುವೆ ದಾಟಿದರೆ ಉತ್ತರದ ದಡ. ಸೇತುವೆಯ ಮೇಲೆ ಹುಡುಗ ಕಾರು ನಿಧಾನ ಮಾಡಿ, 1671ರಲ್ಲಿ ಅಹೋಮ್ ಸೇನಾಪತಿ ಲಾಚಿತ್ ಬೋರ್‌ಫುಕನ್ ಮೊಗಲರ ನೌಕಾಪಡೆಯನ್ನು ಸೋಲಿಸಿದ್ದು ಇಲ್ಲೇ ಎಂದು ತೋರಿಸಿದ. ನೀರಿನ ಅಗಲ ನೋಡಿಯೇ ಅತ್ತೆ ಕೈಮುಗಿದರು. ನಮ್ಮ ಶಾಲ್ಮಲೆಯನ್ನು ನೋಡಿ ಬೆಳೆದ ಕಣ್ಣಿಗೆ ಇದು ಹೊಳೆ ಎಂದು ಒಪ್ಪಲು ಸ್ವಲ್ಪ ಹೊತ್ತು ಬೇಕು. ಸುವಾಲ್‌ಕುಚಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೂಗಾ ರೇಷ್ಮೆ ಚೆನ್ನಾಗಿದೆ, ದುಬಾರಿಯೂ ಹೌದು, ಮನೆಮನೆಯಲ್ಲಿ ಮಗ್ಗದ ಸದ್ದು ಕೇಳುತ್ತದೆ. ಕೊಳ್ಳುವವರು ಕೊಳ್ಳಿ, ಆದರೆ ಹಾಜೋ ಮುಗಿಸಿಕೊಂಡು ಬಂದ ಮೇಲೆ.

ಗುಡಿ ಇರುವುದು ಮಣಿಕೂಟ ಎಂಬ ಗುಡ್ಡದ ಮೇಲೆ. ಈಗಿನ ಕಟ್ಟಡವನ್ನು ಕೋಚ್ ಅರಸ ರಘುದೇವ ನಾರಾಯಣ 1583ರಲ್ಲಿ ಕಟ್ಟಿಸಿದ್ದು. ಹೊರಗೋಡೆಯ ಕೆಳಗೆ ಸುತ್ತಲೂ ಆನೆಗಳ ಸಾಲು ಕೆತ್ತಿದ್ದಾರೆ, ಅದನ್ನು ಬಿಡದೆ ನೋಡಿ. ಭೂತಾನದ ಬೌದ್ಧರಿಗೂ ಇದು ಯಾತ್ರಾಸ್ಥಳ. ಬುದ್ಧ ನಿರ್ವಾಣ ಹೊಂದಿದ್ದು ಇಲ್ಲೇ ಎಂದು ಅವರಲ್ಲಿ ಹಲವರ ನಂಬಿಕೆ. ಪಕ್ಕದ ಗರುಡಾಚಲದ ಮೇಲೆ ಪೋವಾ ಮಕ್ಕಾ ಎಂಬ ದರ್ಗಾ. ಮೂರು ಧರ್ಮದ ಜನ ಒಂದೇ ರಸ್ತೆಯಲ್ಲಿ ಚಪ್ಪಲಿ ಸವೆಸುವ ಊರು. ಗರ್ಭಗುಡಿ ಕತ್ತಲೆ, ತಂಪು. ಅತ್ತೆ ಕಣ್ಣೊರೆಸಿಕೊಂಡರು. ನಾನು ಮಂಡಿ ಹಿಡಿದುಕೊಂಡು ಇಳಿದೆ.

ಇಳಿದದ್ದೇ ಕೊಳ. ಮಾಧವ ಪುಖುರಿ ಎನ್ನುತ್ತಾರೆ ಅಲ್ಲಿಯವರು.

ಮೊದಲ ನೋಟಕ್ಕೆ ಏನೂ ಇಲ್ಲ. ಹಸಿರುಗಪ್ಪು ನೀರು, ಮೆಟ್ಟಿಲು, ಆಚೆ ಮರಗಳು. ನಮ್ಮೂರ ದೇವಸ್ಥಾನದ ಯಾವ ಪುಷ್ಕರಣಿಯಾದರೂ ಹೀಗೇ ಇರುತ್ತದೆ ಎಂದುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಹೆಬ್ಬೆರಳು ಗಾತ್ರದ ಏನೋ ಎದ್ದಿತು. ಕಡ್ಡಿ ಇರಬೇಕು. ಕಡ್ಡಿ ಉಸಿರು ಬಿಟ್ಟಿತು. ಆಮೇಲೆ ನೋಡುತ್ತೇನೆ, ಅಲ್ಲೊಂದು, ಇಲ್ಲೊಂದು, ಮೆಟ್ಟಿಲ ಬುಡದಲ್ಲೇ ನಾಲ್ಕು.

ಕೆಳಗಿನ ಮೆಟ್ಟಿಲಿಗೆ ಬಂದ ಒಂದನ್ನು ಮೊಳ ದೂರದಿಂದ ನೋಡಿದೆ. ನಾವು ಶಾಲೆಯ ಚಿತ್ರದಲ್ಲಿ ಬರೆಯುವ ಆಮೆಯ ಬೆನ್ನಿನ ಚೌಕಗಳು ಇದಕ್ಕಿಲ್ಲ. ಬೆನ್ನು ಪೂರ್ತಿ ತೊಯ್ದ ಕಪ್ಪು ಚರ್ಮ. ನಡುವೆ ಗಟ್ಟಿ, ಅಂಚಿಗೆ ಬರುತ್ತ ಕಾವಲಿಯ ಮೇಲಿನ ದೋಸೆಯ ಹಾಗೆ ತೆಳು, ನೀರು ಅಲುಗಿದರೆ ಅದೂ ಅಲುಗುತ್ತದೆ. ಕಾಲ್ಬೆರಳುಗಳ ನಡುವೆ ಚರ್ಮ ಕೂಡಿಕೊಂಡಿದೆ, ಹೊರಗೆ ಕಾಣುವುದು ಮೂರೇ ಉಗುರು. ಮೂತಿಯ ತುದಿಯಲ್ಲಿ ಎರಡು ತೂತಿನ ಪುಟ್ಟ ಕೊಳವೆ, ಮೈ ಪೂರ್ತಿ ನೀರೊಳಗಿಟ್ಟುಕೊಂಡು ಅದೊಂದನ್ನೇ ಮೇಲೆ ಚಾಚಿ ಉಸಿರಾಡಲಿಕ್ಕೆ. ತುಟಿ ದಪ್ಪ, ಸೌಮ್ಯವಾಗಿ ಕಾಣುತ್ತದೆ. ಆ ತುಟಿಯ ಒಳಗಿರುವ ದವಡೆ ಸೌಮ್ಯವಲ್ಲ. ಪಕ್ಕದಲ್ಲಿ ತೇಲುತ್ತಿದ್ದ ಬಾಳೆಹಣ್ಣಿನ ತುಂಡಿನ ಕಡೆಗೆ ಕುತ್ತಿಗೆ ಒಮ್ಮೆಲೇ ಎರಡರಷ್ಟು ಉದ್ದವಾಯಿತು, ಹಣ್ಣು ಕಾಣಲಿಲ್ಲ, ಕುತ್ತಿಗೆಯೂ ಕಾಣಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಬೆರಳು ಅದ್ದಲು ಬಿಡಬೇಡಿ. ನಾನು ಮೆಡಿಕಲ್ ಶಾಪ್ ನಡೆಸುವವಳು, ಅಷ್ಟು ಹೇಳದೆ ಇದ್ದರೆ ನನಗೆ ಸಮಾಧಾನವಿಲ್ಲ.

ಇದಕ್ಕೆ ಕಪ್ಪು ಮೃದುಚಿಪ್ಪಿನ ಆಮೆ ಎನ್ನುತ್ತಾರೆ. ವಿಜ್ಞಾನದ ಹೆಸರು ನಿಲ್ಸೋನಿಯಾ ನಿಗ್ರಿಕಾನ್ಸ್. 2002ರಲ್ಲಿ, ಅಳಿಯುತ್ತಿರುವ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್, ಈ ಜಾತಿ ಹೊರಗೆ ನಿಸರ್ಗದಲ್ಲಿ ಪೂರ್ತಿ ಅಳಿದುಹೋಗಿದೆ ಎಂದು ಬರೆದುಬಿಟ್ಟಿತ್ತು. ಆಮೇಲೆ ಬ್ರಹ್ಮಪುತ್ರದ ಕಡೆಯ ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕಿ, ಈಗ ಅದನ್ನು ತೀವ್ರ ಅಪಾಯದಲ್ಲಿರುವ ಜಾತಿಯ ಪಟ್ಟಿಗೆ ಸೇರಿಸಿದ್ದಾರೆ. ಮಾಂಸಕ್ಕೆ ಹಿಡಿದದ್ದು, ಮೊಟ್ಟೆ ಕಿತ್ತದ್ದು, ಅದು ಬದುಕುವ ಬೀಲ್‌ಗಳು ಹಾಳಾದದ್ದು, ಎಲ್ಲ ಸೇರಿ ಈ ಗತಿ. ಬೀಲ್ ಎಂದರೆ ನದಿಯ ಪಕ್ಕದ ತಗ್ಗಿನಲ್ಲಿ ನೀರು ನಿಲ್ಲುವ ಜೌಗು ಕೆರೆ; ಅಸ್ಸಾಮಿನ ನಕಾಶೆ ತುಂಬ ಅವೇ. ಹೊರಗೆ ಆಮೆ ಅಡುಗೆಮನೆ ಸೇರುತ್ತಿದ್ದ ಅದೇ ಕಾಲದಲ್ಲಿ ಈ ಕೊಳದೊಳಗೆ ಅದನ್ನು ಯಾರೂ ಮುಟ್ಟಲಿಲ್ಲ. ವಿಷ್ಣುವಿನ ಕೂರ್ಮಾವತಾರ, ಮುಟ್ಟಿದರೆ ಪಾಪ. ಅರಣ್ಯ ಇಲಾಖೆಯ ಬೋರ್ಡಿಗೆ ಹೆದರದವನೂ ಆ ಮಾತಿಗೆ ಹೆದರುತ್ತಾನೆ.

ಒಂದು ವಿಚಿತ್ರ ಕೇಳಿ. 1875ರಲ್ಲಿ ಜಾನ್ ಆಂಡರ್ಸನ್ ಎಂಬ ವಿಜ್ಞಾನಿ ಈ ಆಮೆಯನ್ನು ಮೊದಲು ವರ್ಣಿಸಿದಾಗ ಅವನಿಗೆ ಅದು ಸಿಕ್ಕಿದ್ದು ನದಿಯಲ್ಲಲ್ಲ, ಈಗಿನ ಬಾಂಗ್ಲಾದೇಶದ ಚಿತ್ತಗಾಂಗಿನ ಬಾಯಜೀದ್ ಬೋಸ್ತಾಮಿ ದರ್ಗಾದ ಕೊಳದಲ್ಲಿ. ಅಲ್ಲಿಯ ಭಕ್ತರ ಪ್ರಕಾರ ಅವು ಸಂತನ ಶಾಪಕ್ಕೆ ಸಿಕ್ಕಿ ಆಮೆಗಳಾದ ದುಷ್ಟಶಕ್ತಿಗಳು. ಇಲ್ಲಿ ಅವತಾರ, ಅಲ್ಲಿ ಪಿಶಾಚಿ, ಎರಡೂ ಕಡೆ ಹೊಟ್ಟೆ ತುಂಬ ಊಟ ಮತ್ತು ಪ್ರಾಣಕ್ಕೆ ಅಭಯ. ತ್ರಿಪುರಾದ ಉದಯಪುರದಲ್ಲಿ ತ್ರಿಪುರಸುಂದರಿಯ ಕಲ್ಯಾಣಸಾಗರದಲ್ಲೂ ಇದೇ ಜಾತಿ. ಇದನ್ನು ಕೇಳಿ ಅತ್ತೆ, ‘ಆಮೆಗೆ ಜಾತಿಮತ ಇಲ್ಲ ಬಿಡು’ ಎಂದರು. ನಮ್ಮ ಅತ್ತೆಯ ಬಾಯಲ್ಲಿ ಈ ಮಾತು ಬರಬೇಕಾದರೆ ಬ್ರಹ್ಮಪುತ್ರ ದಾಟಬೇಕಾಯಿತು.

ಇನ್ನು ಮಡ್ಡಿಯ ಪ್ರಕರಣ. ಗುವಾಹಾಟಿಯಲ್ಲಿ ಕೆಲಸದಲ್ಲಿರುವ ನಾದಿನಿಯ ಮಗನ ಮನೆಯಲ್ಲಿ ಉಳಿದಿದ್ದೆವು. ಹಿಂದಿನ ರಾತ್ರಿ ಅತ್ತೆ ಅವನ ಒಂಟಿ ಬರ್ನರಿನ ಒಲೆಯ ಮೇಲೆ ಕಡಲೆಬೇಳೆ ಬೇಯಿಸಿ, ಬೆಲ್ಲ, ಕೊಬ್ಬರಿ, ಗಸಗಸೆ, ತುಪ್ಪ ಎಲ್ಲ ಹಾಕಿ ಹಯಗ್ರೀವ ಮಾಡಿದ್ದರು. ಬೆಲ್ಲ, ಗಸಗಸೆ ಶಿರಸಿಯಿಂದಲೇ ಬಂದಿದ್ದವು. ಮೇಲೆ ಗುಡಿಯ ಹೊರಗೇ ನಿಂತು ಮನಸ್ಸಿನಲ್ಲೇ ನೈವೇದ್ಯ ಮಾಡಿ ಸ್ಟೀಲ್ ಡಬ್ಬಿ ಹಿಡಿದುಕೊಂಡು ಇಳಿದವರು ಕೊಳದ ಮೆಟ್ಟಿಲ ಮೇಲೆ ಮುಚ್ಚಳ ತೆರೆದರು. ಉದ್ದೇಶ ಸ್ಪಷ್ಟವಿತ್ತು.

ಬೇಡ ಎಂದೆ.

‘ಯಾಕೆ ಬೇಡ? ಕುಂಬಳೆ ಅನಂತಪುರದ ಬಬಿಯಾ ಪ್ರಸಾದ ತಿನ್ನುತ್ತಿರಲಿಲ್ಲವಾ? ಮೊಸಳೆಗೇ ಆಗಿದ್ದು ಆಮೆಗೆ ಆಗಬಾರದಾ?’

ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ನಮ್ಮ ಮನೆಯಲ್ಲಿ ಟಿವಿ ಮುಂದೆ ಕೂತು ಎಲ್ಲರೂ ನೋಡಿದ್ದೆವು. ಅದನ್ನು ತೆಗೆದು ವಾದ ಮಾಡುವುದು ಸುಲಭವಲ್ಲ. ಹಾಗಾಗಿ ಅಂಗಡಿಯ ಭಾಷೆಯಲ್ಲೇ ಹೇಳಿದೆ: ‘ಅತ್ತೆ, ಇಲ್ಲಿ ದಿನಕ್ಕೆ ಎಷ್ಟು ಜನ ಬರುತ್ತಾರೆ, ಒಬ್ಬೊಬ್ಬರೂ ಒಂದೊಂದು ಮುಷ್ಟಿ ಹಾಕಿದರೆ ಎಷ್ಟಾಯಿತು? ನಿಮಗೆ ಮೂರು ಹೊತ್ತೂ ಮಡ್ಡಿಯನ್ನೇ ಕೊಟ್ಟರೆ ನಿಮ್ಮ ಶುಗರ್ ಎಲ್ಲಿಗೆ ಹೋಗುತ್ತದೆ?’

ಅತ್ತೆ ಉತ್ತರ ಕೊಡಲಿಲ್ಲ, ಮುಚ್ಚಳವನ್ನೂ ಮುಚ್ಚಲಿಲ್ಲ. ಆಗ ಡ್ರೈವರ್ ಹುಡುಗ ಒಂದು ಮೆಟ್ಟಿಲು ಕೆಳಗಿಳಿದು, ‘ಭಗವಾನ್ ತಿಂದಾಯಿತಲ್ಲ ಮಾಜೀ, ಇದು ಮನುಷ್ಯರ ಪಾಲು’ ಎಂದು ಹಿಂದಿಯಲ್ಲಿ ಹೇಳಿ ಅಂಗೈ ಒಡ್ಡಿದ. ಅವನಿಗೆ ಕೊಟ್ಟು, ಹೂ ಮಾರುತ್ತ ಕೂತಿದ್ದ ಅಜ್ಜಿಗೆ ಕೊಟ್ಟು, ಅಜ್ಜಿಯ ಮೊಮ್ಮಗಳು ಎರಡನೇ ಸಲ ಕೇಳಿದ ಮೇಲೆ ಡಬ್ಬಿಯ ತಳ ಕಂಡಿತು. ಆ ಹುಡುಗನಿಗೆ ಒಂದೂವರೆ ಅಂಕ ಯಾಕೆ ಎಂದು ಈಗ ಗೊತ್ತಾಗಿರಬೇಕು.

ನಮ್ಮ ಪಕ್ಕದಲ್ಲೇ ಒಂದು ಕುಟುಂಬ ಬ್ರೆಡ್ಡಿನ ಇಡೀ ಪೌಂಡನ್ನು ಹರಿದು ಹರಿದು ಎಸೆಯುತ್ತಿತ್ತು. ಪುರಿ, ಬಿಸ್ಕತ್ತು, ಬಾಳೆಹಣ್ಣು ಕೂಡ. ಭಕ್ತಿಯೋ, ಆಟವೋ, ಎರಡೂ ಇರಬಹುದು. ನಿಜ ಏನೆಂದರೆ ಇವು ಬ್ರೆಡ್ ತಿನ್ನುವ ಪ್ರಾಣಿಗಳೇ ಅಲ್ಲ. ಮೃದುಚಿಪ್ಪಿನ ಆಮೆಯ ಊಟ ಮೀನು, ಬಸವನಹುಳು, ಸತ್ತು ತೇಲಿಬಂದ ಏನಾದರೂ. ನದಿಯ ಹೆಣ ತಿಂದು ನೀರು ಚೊಕ್ಕ ಮಾಡುವ ಜೀವ ಅದು. ಆ ಕೆಲಸಕ್ಕೆಂದೇ ಗಂಗಾ ಶುದ್ಧೀಕರಣದ ಯೋಜನೆಯಲ್ಲಿ ಕಾಶಿಯ ಗಂಗೆಗೆ ಇದರ ಸೋದರ ಜಾತಿಯ ಆಮೆಗಳನ್ನು ಸಾಕಿ ಬಿಟ್ಟಿದ್ದರು. ಇಲ್ಲಿ ಕೂತಲ್ಲಿಗೇ ಬ್ರೆಡ್ ಬಂದರೆ ಬೇಟೆ ಯಾಕೆ? ಈ ಕೊಳದ ಆಮೆಗಳು ಆಹಾರ ಹುಡುಕಿ ಹಿಡಿಯುವ ಸ್ವಭಾವವನ್ನೇ ಕಳೆದುಕೊಳ್ಳುತ್ತಿವೆ ಎಂದು ಇಲ್ಲಿ ಕೆಲಸ ಮಾಡಿದ ಗುವಾಹಾಟಿಯ ಜೀವವಿಜ್ಞಾನಿ ಜಯಾದಿತ್ಯ ಪುರಕಾಯಸ್ಥ ಹೇಳಿದ್ದಾರೆ. ತಿನ್ನದೆ ಉಳಿದ ಬ್ರೆಡ್ ನೀರಲ್ಲೇ ಕೊಳೆಯುತ್ತದೆ ಎಂಬುದನ್ನು ಹೇಳಲು ವಿಜ್ಞಾನಿ ಬೇಕಿಲ್ಲ, ಮೂಗು ಸಾಕು.

ಹಾಗಾದರೆ ಈ ಕೊಳಕ್ಕೆ ಐದು ಅಂಕ ಯಾಕೆ? ಕೊಟ್ಟಿದ್ದು ನೀರಿಗಲ್ಲ, ದಡಕ್ಕೆ.

ಹುಡುಗ ದಡದ ಕಡೆಗೆ ಕೈ ತೋರಿಸಿದ, ಅಲ್ಲಿ ಮರಳು. ತಾಯಿ ಆಮೆ ನೀರು ಬಿಟ್ಟು ಮೇಲೆ ಬಂದು ಮರಳು ತೋಡಿ ಮೊಟ್ಟೆಯಿಟ್ಟು, ಮುಚ್ಚಿ, ಹಿಂದೆ ನೋಡದೆ ವಾಪಸ್ ನೀರಿಗೆ ಹೋಗುತ್ತದೆ. ಕಾವು ಕೊಡುವುದು ಅದರ ಪದ್ಧತಿಯಲ್ಲಿಲ್ಲ. ಮೊಟ್ಟೆ ದುಂಡಗೆ, ಬೆಳ್ಳಗೆ, ಚಿಪ್ಪು ಗಟ್ಟಿ. ನಾಯಿ, ಉಡ, ಜನರ ಕಾಲು, ಮಳೆಗಾಲದ ನೀರು, ಇಷ್ಟನ್ನೂ ದಾಟಿ ಮರಿ ಹೊರಬರಬೇಕು. ಇಲ್ಲಿ ಕೊಳ ನೋಡಿಕೊಳ್ಳುವ ಊರಿನವರೊಬ್ಬರು ಮೊದಲಿಂದಲೂ ಪ್ರೀತಿಯಿಂದ ಈ ಆಮೆಗಳ ಮೇಲೆ ಕಣ್ಣಿಟ್ಟಿದ್ದರು. ಪುರಕಾಯಸ್ಥರ ಹೆಲ್ಪ್ ಅರ್ಥ್ ಸಂಸ್ಥೆ ಜೊತೆ ಸೇರಿದ ಮೇಲೆ ಅವರ ಪ್ರೀತಿಗೆ ಒಂದು ವಿಧಾನ ಸಿಕ್ಕಿತು: ದಡದ ಮೊಟ್ಟೆ ಹುಷಾರಾಗಿ ತೆಗೆಯುವುದು, ಇನ್‌ಕ್ಯುಬೇಟರಿನಲ್ಲಿ ಇಡುವುದು, ಮರಿ ಸಾಕುವುದು, ಆಮೇಲೆ ಬೀಲ್‌ಗೆ ಬಿಡುವುದು.

ಹುಷಾರಾಗಿ ಎಂದರೆ ಏನು ಎಂದು ನನಗೂ ಮೊದಲು ಗೊತ್ತಿರಲಿಲ್ಲ, ಆಮೇಲೆ ಓದಿ ತಿಳಿದುಕೊಂಡೆ. ಕೋಳಿ ಮೊಟ್ಟೆಯನ್ನು ಕಾವಿನಲ್ಲಿ ದಿನಾ ತಿರುಗಿಸಬೇಕು. ಆಮೆ ಮೊಟ್ಟೆಯನ್ನು ತಿರುಗಿಸಲೇಬಾರದು. ಒಳಗಿನ ಭ್ರೂಣ ಶುರುವಿನಲ್ಲೇ ಚಿಪ್ಪಿನ ಮೇಲ್ಭಾಗದ ಪೊರೆಗೆ ಅಂಟಿಕೊಳ್ಳುತ್ತದೆ, ಮೊಟ್ಟೆ ಮಗುಚಿದರೆ ಸಾಯುತ್ತದೆ. ಅದಕ್ಕೇ ಆಮೆ ಮೊಟ್ಟೆ ಸಾಗಿಸುವವರು ಮರಳಿನಲ್ಲಿ ಇದ್ದ ಹಾಗೇ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿಕೊಂಡು, ಆ ಗುರುತು ಮೇಲೇ ಇರುವಂತೆ ಎತ್ತಿ, ಹಾಗೇ ಇಡುತ್ತಾರೆ. ಯಾರೂ ಚಪ್ಪಾಳೆ ತಟ್ಟದ ಕೆಲಸ. ಭಕ್ತರ ಫೋಟೋದಲ್ಲಿ ಬ್ರೆಡ್ ಎಸೆಯುವ ಕೈ ಬರುತ್ತದೆ, ಪೆನ್ಸಿಲ್ ಹಿಡಿದ ಕೈ ಬರುವುದಿಲ್ಲ.

2019ರ ಜನವರಿಯಲ್ಲಿ ಹೀಗೆ ಬೆಳೆದ 35 ಮರಿಗಳನ್ನು, ಅದರಲ್ಲಿ 16 ಈ ಕಪ್ಪು ಜಾತಿಯವು, ಪೊಬಿತೋರಾ ವನ್ಯಧಾಮದ ಹಾದುಕ್ ಬೀಲ್‌ಗೆ ಬಿಟ್ಟರು. ಪೊಬಿತೋರಾ ಎಂದರೆ ಘೇಂಡಾಮೃಗಕ್ಕೆ ಹೆಸರಾದ ಜಾಗ. ನಮ್ಮ ಕರಪತ್ರದಲ್ಲಿ ಅದರ ಬೇರೆ ಪ್ಯಾಕೇಜ್ ಇತ್ತು, ಅಲ್ಲೂ ಆಮೆಯ ಸುದ್ದಿಯಿಲ್ಲ. ಹದಿನಾರು ಅಂದರೆ ಏನು ಮಹಾ ಎನ್ನಬೇಡಿ. ಅದಕ್ಕೂ ಹದಿನೇಳು ವರ್ಷ ಹಿಂದೆ ಹೊರಗೆ ಇಲ್ಲವೇ ಇಲ್ಲ ಎಂದು ಬರೆದಿದ್ದ ಜೀವ ಅದು. ಮರಿಗಳನ್ನೇ ಬಿಡುವುದರಲ್ಲೂ ಲೆಕ್ಕವಿದೆ. ಬ್ರೆಡ್ಡಿನ ರುಚಿ ಹತ್ತಿದ ದೊಡ್ಡ ಆಮೆಯನ್ನು ಹೊಳೆಗೆ ಬಿಟ್ಟರೆ ಅದು ಯಾವುದಾದರೂ ಸ್ನಾನಘಟ್ಟ ಹುಡುಕಿ ಮನುಷ್ಯರ ಹತ್ತಿರವೇ ಬಂದೀತು, ಆ ಘಟ್ಟದ ಮನುಷ್ಯರೆಲ್ಲ ಹಾಜೋದವರಾಗಿರುವುದಿಲ್ಲ.

ದೇವರ ಕೊಳದಲ್ಲಿ ಸುಖವಾಗಿವೆಯಲ್ಲ, ಅಲ್ಲೇ ಇರಲಿ, ಹೊಳೆಗೆ ಯಾಕೆ ಎಂದು ನನ್ನ ಗಂಡ ಕೇಳಿದರು. ನನಗೆ ಶಿಶಿಲ ನೆನಪಾಯಿತು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲೇಶ್ವರನ ಸನ್ನಿಧಿ, ಕಪಿಲಾ ಹೊಳೆ, ದೇವರ ಮೀನು. ತಲೆಮಾರುಗಳಿಂದ ಯಾರೂ ಗಾಳ ಹಾಕದ ಮಡು. 1996ರಲ್ಲಿ ಯಾರೋ ವಿಷ ಹಾಕಿದರು, ಸಾವಿರಗಟ್ಟಲೆ ಮೀನು ಹೊಟ್ಟೆ ಮೇಲಾಗಿ ತೇಲಿದವು. ಅಲ್ಲಿ ಈಗಲೂ ಆ ಮೀನುಗಳ ಸ್ಮಾರಕ ಇದೆ. ಅದು ಹರಿಯುವ ಹೊಳೆ, ಮೇಲಿಂದ ಕೆಳಗಿಂದ ಮತ್ತೆ ಮೀನು ಬಂದವು. ಇದು ನಿಂತ ನೀರು. ಒಂದು ಜಾತಿಯ ಆಮೆ ಬೆರಳೆಣಿಕೆಯ ಕೊಳಗಳಲ್ಲಿ ಮಾತ್ರ ಗುಂಪಾಗಿ ಉಳಿದಿದ್ದರೆ, ಒಂದು ಕೊಳಕ್ಕೆ ಒಂದು ಡಬ್ಬಿ ಕೀಟನಾಶಕ ಸಾಕು. ಮಾರುವವಳಲ್ಲದಿದ್ದರೂ ಅದು ಎಷ್ಟು ಸಲೀಸಾಗಿ ಸಿಗುತ್ತದೆ ಎಂದು ನನಗೆ ಗೊತ್ತು, ನಮ್ಮ ಅಂಗಡಿಯಿಂದ ಮೂರನೆಯದು ಗೊಬ್ಬರ, ಔಷಧದ ಅಂಗಡಿ. ದೇವರ ಭಯ ಕೊಳದ ಸುತ್ತ ಬೇಲಿ ಹಾಕಬಲ್ಲದು, ಆಮೆಯನ್ನು ಬುಟ್ಟಿಯಲ್ಲಿಟ್ಟು ಪೊಬಿತೋರಾಕ್ಕೆ ಒಯ್ಯಲಾರದು. ಅದಕ್ಕೆ ಜನ ಬೇಕು, ಸಂಸ್ಥೆ ಬೇಕು, ಇಲಾಖೆಯ ಅನುಮತಿ ಬೇಕು, ಬೀಲ್ ಪಕ್ಕದ ಮೀನುಗಾರರ ಒಪ್ಪಿಗೆ ಬೇಕು.

ನಮ್ಮ ಕಡೆ ಇಂಥದ್ದು ಇಲ್ಲವೆಂದಲ್ಲ. ಸೋಂದೆಯ ಮುಂಡಿಗೆಕೆರೆಯಲ್ಲಿ ಮುಂಡಿಗೆ ಪೊದೆಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುವುದನ್ನು ಊರಿನವರೇ ಕಾಯುತ್ತ ಬಂದಿದ್ದಾರೆ. ಆದರೆ ಆಮೆಗೆ ಆ ಅದೃಷ್ಟ ಕಡಿಮೆ. ತುಂಗಭದ್ರೆಯಲ್ಲಿರುವ ಲೀತ್ ಮೃದುಚಿಪ್ಪಿನ ಆಮೆ ಹಾಜೋದ ಆಮೆಯ ಕುಲದ್ದೇ, ಅದೇ ನಿಲ್ಸೋನಿಯಾ. ಅದಕ್ಕೂ ಮೊಟ್ಟೆಯಿಡಲು ಹೊಳೆಯ ದಂಡೆ ಬೇಕು, ನಮ್ಮ ಹೊಳೆಗಳ ದಂಡೆಯ ಮರಳು ರಾತ್ರೋರಾತ್ರಿ ಟಿಪ್ಪರ್ ಹತ್ತುತ್ತದೆ. ಹಕ್ಕಿಯಾದರೆ ಕಾಣುತ್ತದೆ, ಕೂಗುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಇದು ಕಡ್ಡಿಯ ಹಾಗೆ ಕಂಡು ಮುಳುಗುವ ಜೀವ, ಓಟು ಸಿಗುವುದು ಕಷ್ಟ.

ಹೂವಿನ ಅಜ್ಜಿಯ ಹತ್ತಿರ ಹುಡುಗನ ಮೂಲಕ ಒಂದೆರಡು ಮಾತಾಡಿದೆ. ಆಮೆಗಳನ್ನು ಅವಳು ಹುಟ್ಟಿದಾಗಿನಿಂದ ನೋಡುತ್ತಿದ್ದಾಳೆ. ಯಾವುದಾದರೂ ಸತ್ತರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ಇದೆಂಥ ಪ್ರಶ್ನೆ ಎನ್ನುವಂತೆ ನೋಡಿ, ಮನೆಯವರು ಸತ್ತರೆ ನೀವು ಏನು ಮಾಡುತ್ತೀರಿ ಎಂದು ತಿರುಗಿ ಕೇಳಿದಳು. ನಾನು ಮಾತು ಬದಲಿಸಿದೆ. ಬ್ರೆಡ್ ಹಾಕಬೇಡಿ ಎಂದು ಬಂದವರಿಗೆ ಯಾಕೆ ಹೇಳುವುದಿಲ್ಲ ಎಂದರೆ, ದೂರದಿಂದ ಆಸೆಯಿಟ್ಟುಕೊಂಡು ಬಂದವರಿಗೆ ಹೇಗೆ ಹೇಳುವುದು ಎಂದಳು. ಅದೂ ಸರಿಯೇ. ಹಾಗಾಗಿ ಅವಳ ಬದಲು ನಾನು ಹೇಳುತ್ತಿದ್ದೇನೆ: ಹಾಕಬೇಡಿ. ಹರಕೆಯೇ ಇದ್ದರೆ ಅದೇ ದುಡ್ಡಿಗೆ ಅವಳ ಹತ್ತಿರ ಹೂ ಕೊಂಡು ಮೇಲೆ ಮಾಧವನಿಗೆ ಕೊಡಿ.

ಊಟದ ವಿಷಯ. ಹಾಜೋದ ರಸ್ತೆ ಬದಿಯ ಸಣ್ಣ ಹೋಟೆಲಿನಲ್ಲಿ ಚಿರಾ, ದೋಯಿ, ಗುಡ್ ಸಿಗುತ್ತದೆ, ಅಂದರೆ ನಮ್ಮ ಅವಲಕ್ಕಿ, ಮೊಸರು, ಬೆಲ್ಲ. ಒಟ್ಟಾಗಿ ಜಲಪಾನ ಎನ್ನುತ್ತಾರೆ. ಮೊಸರು ಗಟ್ಟಿ, ಹುಳಿ ಕಡಿಮೆ, ಈರುಳ್ಳಿ ಬೆಳ್ಳುಳ್ಳಿಯ ಭಯವಿಲ್ಲ, ಅತ್ತೆಯಂಥ ಮಡಿಯವರಿಗೂ ನಡೆಯುತ್ತದೆ. ಗಂಡ ಮಾಸೊರ್ ಟೆಂಗಾ, ಅಂದರೆ ಹುಳಿ ಮೀನು ಸಾರು, ತಿನ್ನಬೇಕು ಎಂದರು, ಅತ್ತೆಯ ಮುಖ ನೋಡಿ ಸುಮ್ಮನಾದರು. ಊರಿನಲ್ಲಿ ಹಿತ್ತಾಳೆ ಕೆಲಸ ಪ್ರಸಿದ್ಧ. ಒಂದು ಚಿಕ್ಕ ತಂಬಿಗೆ ಕೊಂಡೆವು, ತೂಕದ ಮೇಲೆ ಬೆಲೆ, ಚೌಕಾಸಿ ಮಾಡಲು ಜಾಗ ಕಡಿಮೆ.

ಹೋಗುವವರಿಗೆ ಕೆಲವು ಮಾತು. ಬೆಳಿಗ್ಗೆ ಬೇಗ ಹೊರಡಿ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಮಧ್ಯಾಹ್ನದ ಪ್ಯಾಕೇಜ್ ಹಿಡಿದರೆ ಕೊಳದ ಹತ್ತಿರ ಬರುವಾಗ ಕತ್ತಲು. ಮೆಟ್ಟಿಲು ಪಾಚಿಗೆ ಜಾರುತ್ತವೆ, ಬರಿಗಾಲು, ಹಿರಿಯರಿದ್ದರೆ ಕೈ ಹಿಡಿಯಿರಿ. ಕೊಳದ ಹತ್ತಿರ ಮಾತು ಕಡಿಮೆ ಮಾಡಿ ಹೊತ್ತು ಹೆಚ್ಚು ಕೊಟ್ಟರೆ ಅವು ತಾವಾಗಿ ಮೇಲೆ ಬರುತ್ತವೆ. ಉಸಿರಾಡಬೇಕಲ್ಲ, ಬ್ರೆಡ್ ಇಲ್ಲದಿದ್ದರೂ ಬರಲೇಬೇಕು. ಹಾಜೋವರೆಗೆ ಹೋಗಲಾಗದವರು ಗುವಾಹಾಟಿ ಊರೊಳಗೇ ಉಗ್ರತಾರಾ ಗುಡಿಯ ಜೋರ್ ಪುಖುರಿ ನೋಡಬಹುದು, ಅಲ್ಲೂ ಆಮೆಗಳಿವೆ.

ಪ್ಯಾಕೇಜ್ ತೆಗೆದುಕೊಳ್ಳಬೇಡಿ. ದಿನದ ಲೆಕ್ಕಕ್ಕೆ ಕಾರು ಮಾಡಿಕೊಳ್ಳಿ, ಸಾಧ್ಯವಾದರೆ ಹಾಜೋ ಕಡೆಯ ಡ್ರೈವರನ್ನೇ ಕೇಳಿ. ‘ಸುವಾಲ್‌ಕುಚಿ ಆಮೇಲೆ’ ಎಂದು ಹತ್ತುವ ಮೊದಲೇ ಹೇಳಿ. ಕೌಂಟರಿನಾತ ಮುಖ ಸಿಂಡರಿಸುತ್ತಾನೆ, ಸಿಂಡರಿಸಲಿ.